ವರುಣಮಿತ್ರ ಮತ್ತು ಕಸ ಕಟ್ಟಿದ ಮಳೆಮಾಪಕ

ಪುನರ್ವಸು ಮಳೆ ತುಸು ಹೊಳವಾದರೆ ಅಡಿಕೆ ಬೆಳೆಗಾರರ ತಲೆಯಲ್ಲಿ ಒಂದೇ ಪ್ರಶ್ನೆ: ನಾಳೆ ಬೋರ್ಡೋ ಹೊಡೆಸಬಹುದೇ? ಮೈಲುತುತ್ತ, ಸುಣ್ಣ ಕದಡಿ, ಕೊನೆಗಾರನನ್ನು ಮರ ಹತ್ತಿಸಿ ಹೊಡೆಸಿದ ಮದ್ದು ಗೊನೆಯ ಮೇಲೆ ಒಣಗುವ ಮೊದಲೇ ಮಳೆ ಹೊಯ್ದರೆ ಕೂಲಿಯೂ ಹೋಯಿತು, ಮದ್ದೂ ಹೋಯಿತು, ಕೊಳೆರೋಗವೂ ಬಂತು. ಈ ಪ್ರಶ್ನೆಗೆ ಫೋನಿನಲ್ಲಿ ಕನ್ನಡದಲ್ಲೇ ಉತ್ತರಿಸುವ ‘ವರುಣಮಿತ್ರ’ ಸಹಾಯವಾಣಿ ನಮ್ಮ ರಾಜ್ಯ ಮಾಡಿರುವ ಒಳ್ಳೆಯ ಕೆಲಸಗಳಲ್ಲೊಂದು. ಸ್ಮಾರ್ಟ್‌ಫೋನ್ ಬೇಡ, ಓದುಬರಹ ಬೇಡ. ಊರು, ಹೋಬಳಿ ಹೇಳಿದರೆ ಸಾಕು.

ಇದನ್ನು ನಡೆಸುವುದು ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರದ ಮೇಲೆ ಕಣ್ಣಿಡಲೆಂದು ಹುಟ್ಟಿದ ಘಟಕದ ಕೈಯಲ್ಲಿ ಈಗ ಸುಮಾರು 6,500 ಮಳೆಮಾಪಕಗಳಿವೆ, ಹೆಚ್ಚುಕಡಿಮೆ ಗ್ರಾಮ ಪಂಚಾಯಿತಿಗೊಂದು. ಸೌರಫಲಕ, ಬ್ಯಾಟರಿ, ಒಂದು ಸಿಮ್. 15 ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರು ಸೇರುತ್ತದೆ. ಗುಡ್ಡದ ಈಚೆ ಸುರಿದ ಮಳೆ ಆಚೆ ಇಲ್ಲದ ಮಲೆನಾಡಿನಲ್ಲಿ ಅಳತೆ ಪಂಚಾಯಿತಿಯವರೆಗೆ ಇಳಿದದ್ದು ಸಣ್ಣ ಸಾಧನೆಯಲ್ಲ.

ನನ್ನ ತಕರಾರು ಮುನ್ಸೂಚನೆಯದ್ದಲ್ಲ. ಅದು ಒಮ್ಮೊಮ್ಮೆ ತಪ್ಪುತ್ತದೆಂದು ರೈತರಿಗೆ ಗೊತ್ತು. ತಕರಾರು ಬಿದ್ದ ಮಳೆಯ ಲೆಕ್ಕದ್ದು. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ತೋಟ ನೋಡಿ ಅಲ್ಲ, ಮಾಪಕದ ಅಂಕಿ ನೋಡಿ. ಮಾಪಕದೊಳಗೆ ತಕ್ಕಡಿಯಂಥ ಜೋಡಿ ಬಟ್ಟಲಿದೆ. ಆಲಿಕೆಯಿಂದ ಇಳಿದ ನೀರು ಒಂದನ್ನು ತುಂಬಿದೊಡನೆ ಅದು ವಾಲುತ್ತದೆ, ಎಷ್ಟು ಸಲ ವಾಲಿತೋ ಅಷ್ಟು ಮಳೆ. ಆಲಿಕೆಯ ಬಾಯಿಗೆ ತರಗೆಲೆಯೋ ಹಕ್ಕಿಯ ಹಿಕ್ಕೆಯೋ ಕಟ್ಟಿಕೊಂಡರೆ ಜಡಿಮಳೆಯ ದಿನವೂ ಲೆಕ್ಕದಲ್ಲಿ ಬರೀ ತುಂತುರು. ವಾರಗಟ್ಟಲೆ ಮೋಡ ಕವಿದರೆ ಬ್ಯಾಟರಿಗೆ ಬಿಸಿಲಿಲ್ಲ, ಕೆಲವೆಡೆ ನೆಟ್‌ವರ್ಕೂ ಇಲ್ಲ. ಲೆಕ್ಕ ಬಾರದ ದಿನಕ್ಕೆ ಪಕ್ಕದ ಪಂಚಾಯಿತಿಯ ಅಂಕಿ ತಂದು ಕೂಡಿಸಿದರೆ ಗುಡ್ಡದಾಚೆಯ ಮಳೆಯೇ ಇಲ್ಲಿಯದೂ ಆಯಿತು! ಮಲೆನಾಡು, ಕರಾವಳಿಯ ಬೆಳೆಗಾರರು ಇತ್ತೀಚಿನ ವರ್ಷಗಳಲ್ಲಿ ವಿಮೆ ಹಣಕ್ಕಾಗಿ ಎತ್ತಿರುವ ದನಿಯಲ್ಲಿ ಈ ದೂರೂ ಇದೆ. ಅತಿವೃಷ್ಟಿ ಹೆಚ್ಚಿದಷ್ಟೂ ಈ ಅಂಕಿಯ ಮೇಲೆ ನಿಂತಿರುವ ಬದುಕುಗಳೂ ಹೆಚ್ಚುತ್ತವೆ. ಹಾಗಿರುವಾಗ ಆಲಿಕೆ ಒರೆಸುವ ಕೆಲಸವನ್ನು ಯಾವಾಗಲೋ ಬರುವ ತಂತ್ರಜ್ಞರಿಗೆ ಬಿಡುವುದು ಅನ್ಯಾಯ.

ಪರಿಹಾರಕ್ಕೆ ಹೊಸ ಆ್ಯಪ್ ಬೇಕಿಲ್ಲ. ಮನೆಯಂಗಳದಲ್ಲೇ ಮಳೆ ಅಳೆದು ಡೈರಿಯಲ್ಲಿ ಬರೆದಿಡುವ ಬೆಳೆಗಾರರು ಈ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಮಾಪಕದ ಅಂದಂದಿನ ಅಂಕಿಯನ್ನು ಪಂಚಾಯಿತಿ ಕಚೇರಿಯ ಹಲಗೆಯಲ್ಲಿ ಬರೆದುಹಾಕಿದರೆ, ಎಲ್ಲಿ ಏರುಪೇರಾಗಿದೆಯೆಂದು ಅವರೇ ಮರುದಿನ ಬೆಳಿಗ್ಗೆ ಹೇಳುತ್ತಾರೆ. ಆ ದೂರು ದಾಖಲಾಗಬೇಕು, ದುರಸ್ತಿಗೆ ಗಡುವು ಇರಬೇಕು, ಗಡುವು ಮೀರಿದ ದಿನಗಳ ನಷ್ಟವನ್ನು ರೈತರ ತಲೆಗೆ ಕಟ್ಟಬಾರದು.