ಏಳು ಗಂಟೆಗಳ ಗಡುವು

2014ರ ಅಕ್ಟೋಬರ್ 15, ಬುಧವಾರ. ಭಾರತದ ಗಡಿಯಾರದಲ್ಲಿ ರಾತ್ರಿ ಸುಮಾರು ಒಂಬತ್ತೂವರೆ. ಡ್ರುಪಲ್‌ನ ಭದ್ರತಾ ತಂಡ 7.32 ಆವೃತ್ತಿಯನ್ನು ಬಿಡುಗಡೆ ಮಾಡಿ, ತಡಮಾಡದೆ ಹಾಕಿಕೊಳ್ಳಿ ಎಂದು ಪ್ರಕಟಿಸಿತು. ಎರಡು ವಾರ ಕಳೆದು, ಅಕ್ಟೋಬರ್ 29ರಂದು, ಅದೇ ತಂಡದಿಂದ ಇನ್ನೊಂದು ಪ್ರಕಟಣೆ ಬಂತು. ಅದರ ಮಾತು ಖಡಾಖಂಡಿತವಾಗಿತ್ತು: ಮೊದಲ ಪ್ರಕಟಣೆಯಾದ ಏಳು ಗಂಟೆಯೊಳಗೆ ಅಪ್‌ಡೇಟ್ ಮಾಡದವರು ತಮ್ಮ ಜಾಲತಾಣದೊಳಕ್ಕೆ ಯಾರೋ ನುಗ್ಗಿಯಾಗಿದೆ ಎಂದೇ ತಿಳಿದು ಮುಂದಿನ ಕೆಲಸ ನೋಡಬೇಕು. ನಮ್ಮ ಲೆಕ್ಕದಲ್ಲಿ ಆ ಗಡುವು ಮುಗಿದದ್ದು ಬೆಳಗಿನ ಜಾವ ನಾಲ್ಕೂವರೆಗೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಡ್ರುಪಲ್ ತಾಣ ನೋಡಿಕೊಳ್ಳುತ್ತಿದ್ದವರು ಉಂಡು ಮಲಗಿ ಏಳುವಷ್ಟರಲ್ಲಿ ಕಾಲ ಮಿಂಚಿತ್ತು.

ಕೋಡ್ ಬರೆಯಲು ಬಾರದವರೂ ಲೇಖನ, ಚಿತ್ರ, ಟೆಂಡರ್ ನೋಟಿಸುಗಳನ್ನು ತಾವೇ ಏರಿಸಲು ಅನುವು ಮಾಡಿಕೊಡುವ ತಂತ್ರಾಂಶಕ್ಕೆ ಸಿಎಂಎಸ್ ಎನ್ನುತ್ತಾರೆ. ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಲ್ ಈ ಜಾತಿಗೆ ಸೇರಿದವು. ಇವನ್ನು ಅಪ್‌ಡೇಟ್ ಮಾಡುತ್ತಿರಬೇಕು ಎಂಬ ಬುದ್ಧಿಮಾತು ಎಲ್ಲರಿಗೂ ಗೊತ್ತು, ಪಾಲಿಸುವವರು ಕಡಿಮೆ. ಹೀಗಾಗುವುದಕ್ಕೆ ಸೋಮಾರಿತನ ಕಾರಣ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಅಪ್‌ಡೇಟ್ ಎಂಬುದು ಮಾಲೀಕನ ಶಿಸ್ತಿನ ಪ್ರಶ್ನೆಯಾಗುವುದಕ್ಕೆ ಮೊದಲು ತಂತ್ರಾಂಶವನ್ನು ಕಟ್ಟಿದವರ, ಅದಕ್ಕೆ ಹಣ ಮಂಜೂರು ಮಾಡಿದವರ ಪ್ರಶ್ನೆ.

2014ರ ಆ ದೋಷವನ್ನೇ ನೋಡಿ. ಡೇಟಾಬೇಸ್‌ಗೆ ಹೋಗುವ ಆಜ್ಞೆಯೊಳಗೆ ಹೊರಗಿನವರು ತಮ್ಮ ಆಜ್ಞೆಯನ್ನು ತೂರಿಸುವ ಹಳೆಯ ಕುತಂತ್ರಕ್ಕೆ ಎಸ್‌ಕ್ಯುಎಲ್ ಇಂಜೆಕ್ಷನ್ ಎಂದು ಹೆಸರು. ಅದನ್ನು ತಡೆಯಲೆಂದೇ ಡ್ರುಪಲ್ 7ರಲ್ಲಿ ಪ್ರತ್ಯೇಕ ಪದರವೊಂದನ್ನು ಬರೆದಿದ್ದರು. ದೋಷ ಸಿಕ್ಕಿದ್ದು ಆ ಪದರದಲ್ಲೇ. ಫಾರ್ಮಿನಿಂದ ಬಂದ ಪಟ್ಟಿಯೊಂದರ ಮೌಲ್ಯಗಳನ್ನು ಜಾಲಾಡಿ ನೋಡುತ್ತಿದ್ದ ಕೋಡ್, ಆ ಮೌಲ್ಯಗಳ ಹೆಸರುಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಿತ್ತು. ಜರ್ಮನಿಯ ಸೆಕ್ಷನ್‌ಐನ್ಸ್ ಎಂಬ ಸಂಸ್ಥೆ ಗ್ರಾಹಕರೊಬ್ಬರಿಗಾಗಿ ಕೋಡ್ ಪರಿಶೀಲಿಸುತ್ತಿದ್ದಾಗ ಇದು ಕಣ್ಣಿಗೆ ಬಿತ್ತು. ಲಾಗಿನ್ ಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಯಾರು ಬೇಕಾದರೂ ಹೊಸ ಅಡ್ಮಿನ್ ಖಾತೆಯನ್ನು ಸೃಷ್ಟಿಸಿಕೊಳ್ಳಬಹುದಿತ್ತು. ಇದಕ್ಕೆ ಬರೆದ ಪರಿಹಾರ ಹೆಚ್ಚುಕಡಿಮೆ ಒಂದೇ ಸಾಲಿನದು.

ಆ ಒಂದು ಸಾಲಿನಲ್ಲೇ ಇಡೀ ಕಷ್ಟ ಅಡಗಿದೆ. ಮುಕ್ತ ತಂತ್ರಾಂಶದಲ್ಲಿ ಇಂಥ ಪರಿಹಾರ, ಅಂದರೆ ಪ್ಯಾಚ್, ಬಿಡುಗಡೆಯಾಯಿತೆಂದರೆ ತೂತು ಎಲ್ಲಿತ್ತು ಎಂಬ ವಿಳಾಸವೂ ಬಿಡುಗಡೆಯಾದಂತೆ. ಹಳೆಯ ಫೈಲ್, ಹೊಸ ಫೈಲ್ ಎರಡನ್ನೂ ಪಕ್ಕಪಕ್ಕ ಇಟ್ಟರೆ ಬದಲಾದ ಸಾಲು ತಾನಾಗಿ ಎದ್ದು ಕಾಣುತ್ತದೆ. ಡಂಗುರ ಊರವರಿಗೆ ಕೇಳಿದಷ್ಟೇ ಚೆನ್ನಾಗಿ ಕಳ್ಳನಿಗೂ ಕೇಳುತ್ತದೆ. "ನಮ್ಮದು ಚಿಕ್ಕ ತಾಣ, ನಮ್ಮನ್ನು ಯಾರು ಹುಡುಕಿಕೊಂಡು ಬರುತ್ತಾರೆ" ಎನ್ನುವವರು ಈ ಲೆಕ್ಕವನ್ನು ತಪ್ಪಿಸಿಕೊಂಡಿದ್ದಾರೆ. ಬರುವವರು ಮನುಷ್ಯರಲ್ಲ, ಸ್ಕ್ರಿಪ್ಟುಗಳು. ಅವಕ್ಕೆ ಬ್ಯಾಂಕು, ಗ್ರಾಮದ ಸಹಕಾರ ಸಂಘ ಎಂಬ ಭೇದವಿಲ್ಲ.

ಆ ದಿನಗಳ ಇನ್ನೊಂದು ವಿವರ ನನಗೆ ಬಹಳ ಮುಖ್ಯವೆನಿಸುತ್ತದೆ. ಒಳನುಗ್ಗಿದ ಕೆಲವರು ತಮ್ಮ ಕಳ್ಳದಾರಿಯನ್ನು ಬೇರೆ ಕಡೆ ಭದ್ರಮಾಡಿಕೊಂಡು, ಮೂಲ ತೂತನ್ನು ತಾವೇ ಮುಚ್ಚುತ್ತಿದ್ದರು. ಇನ್ನೊಬ್ಬ ಕಳ್ಳ ಬಂದು ಪಾಲು ಕೇಳಬಾರದಲ್ಲ! ಹೀಗಾಗಿ ಡ್ರುಪಲ್ ತಂಡ ವಿಚಿತ್ರವಾದ ಎಚ್ಚರಿಕೆಯನ್ನು ಕೊಡಬೇಕಾಯಿತು: ನೀವು ಪ್ಯಾಚ್ ಹಾಕದಿದ್ದರೂ ಹಾಕಿದಂತೆ ಕಂಡರೆ ಅದು ಶುಭಸೂಚನೆಯಲ್ಲ, ಅನುಮಾನಪಡಿ. ತಡವಾಗಿ ಮಾಡಿದ ಅಪ್‌ಡೇಟ್ ಒಳಗೆ ಸೇರಿಕೊಂಡವನನ್ನು ಹೊರಹಾಕುವುದಿಲ್ಲ. ಆಗ ಉಳಿಯುವ ದಾರಿ ಹಳೆಯ ಬ್ಯಾಕಪ್‌ನಿಂದ ತಾಣವನ್ನು ಮತ್ತೆ ಕಟ್ಟುವುದೊಂದೇ. ಬ್ಯಾಕಪ್ ಇದ್ದರೆ.

2016ರ ಏಪ್ರಿಲ್‌ನಲ್ಲಿ ಪನಾಮಾ ಪೇಪರ್ಸ್ ಸುದ್ದಿ ಸ್ಫೋಟಿಸಿತು. ಮೊಸಾಕ್ ಫೊನ್ಸೆಕಾ ಎಂಬ ಕಾನೂನು ಸಂಸ್ಥೆಯಿಂದ ಹೊರಬಿದ್ದದ್ದು 1.15 ಕೋಟಿ ದಾಖಲೆ, 2.6 ಟೆರಾಬೈಟ್ ಮಾಹಿತಿ. ಐಸ್‌ಲೆಂಡಿನ ಪ್ರಧಾನಿಯ ಕುರ್ಚಿಯೇ ಹೋಯಿತು. ಆ ಗಲಾಟೆಯಲ್ಲಿ ತಂತ್ರಜ್ಞರು ಸಂಸ್ಥೆಯ ಜಾಲತಾಣವನ್ನು ಇಣುಕಿ ನೋಡಿದರು. ಜಗತ್ತಿನ ಸಿರಿವಂತರು ಗುಟ್ಟಿನ ಕಡತಗಳನ್ನು ನೋಡಲು ಬಳಸುತ್ತಿದ್ದ ಗ್ರಾಹಕರ ಪೋರ್ಟಲ್ ಡ್ರುಪಲ್ 7.23ರ ಮೇಲೆ ನಡೆಯುತ್ತಿತ್ತು. ಅಂದರೆ 2013ರ ಆವೃತ್ತಿ, ಆ ಏಳು ಗಂಟೆಗಳ ಗಡುವು ದಾಟಿ ಒಂದೂವರೆ ವರ್ಷವಾದರೂ ಕೈ ಸೋಕದ್ದು. ಮುಖ್ಯ ತಾಣದ ವರ್ಡ್‌ಪ್ರೆಸ್‌ನಲ್ಲಿ ರೆವಲ್ಯೂಷನ್ ಸ್ಲೈಡರ್ ಎಂಬ ಚಿತ್ರ ಸರಿಸುವ ಪ್ಲಗಿನ್‌ನ (ಸಿಎಂಎಸ್‌ಗೆ ಸೇರಿಸಿಕೊಳ್ಳುವ ಪೂರಕ ತಂತ್ರಾಂಶ) ತೀರಾ ಹಳೆಯ, ದೋಷ ಜಗಜ್ಜಾಹೀರಾಗಿದ್ದ ಆವೃತ್ತಿ ಕೂತಿತ್ತು. ದಾಖಲೆಗಳು ಇದೇ ದಾರಿಯಲ್ಲಿ ಹೊರಬಂದವು ಎಂಬುದು ಸಾಬೀತಾಗಿಲ್ಲ. ಹಾಗೆ ಖಚಿತವಾಗಿ ಬರೆಯುವವರು ಅವಸರ ಮಾಡುತ್ತಿದ್ದಾರೆ. ಆದರೆ ಗೌಪ್ಯತೆಯನ್ನೇ ಮಾರಿ ಬದುಕುತ್ತಿದ್ದ ಸಂಸ್ಥೆಯಲ್ಲೂ ಅಪ್‌ಡೇಟ್ ಯಾರ ಕೆಲಸವೂ ಆಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಣದ ಕೊರತೆಯ ನೆಪವಂತೂ ಅಲ್ಲಿರಲಿಲ್ಲ.

ಅಪ್‌ಡೇಟ್ ಯಾರ ಕೆಲಸವೂ ಆಗದ ಈ ಸಮಸ್ಯೆಗೆ ವರ್ಡ್‌ಪ್ರೆಸ್ ಅದಾಗಲೇ ಕೊಟ್ಟಿದ್ದ ಉತ್ತರ ನನ್ನ ಪ್ರಕಾರ ಈ ಕ್ಷೇತ್ರದ ಅತಿ ವಿವೇಕದ ನಿರ್ಧಾರ. 2013ರ ಅಕ್ಟೋಬರ್‌ನಲ್ಲಿ ಬಂದ 3.7 ಆವೃತ್ತಿಯಿಂದ ಸಣ್ಣ ಭದ್ರತಾ ಪ್ಯಾಚುಗಳು ಯಾರ ಅಪ್ಪಣೆಗೂ ಕಾಯದೆ ತಾವಾಗಿಯೇ ಅಳವಡತೊಡಗಿದವು. ನನ್ನ ಸರ್ವರ್‌ನಲ್ಲಿ ನನ್ನನ್ನು ಕೇಳದೆ ಫೈಲ್ ಬದಲಿಸಲು ನೀನ್ಯಾರು ಎಂದು ಪರಿಣತರು ಆಗ ಸಿಡಿಮಿಡಿಗೊಂಡಿದ್ದರು. ಆ ಆಕ್ಷೇಪದಲ್ಲಿ ತಿರುಳಿದೆ. ಆದರೆ ಅದು ಪರಿಣತರ ಆಕ್ಷೇಪ. ಲಕ್ಷಾಂತರ ಸಣ್ಣ ತಾಣಗಳಲ್ಲಿ ಕೇಳಲು ಯಾರೂ ಇರುವುದೇ ಇಲ್ಲ.

2017ರ ಜನವರಿಯಲ್ಲಿ ಈ ವ್ಯವಸ್ಥೆಗೆ ನಿಜವಾದ ಪರೀಕ್ಷೆ ಬಂತು. 4.7 ಮತ್ತು 4.7.1 ಆವೃತ್ತಿಗಳಲ್ಲಿ ಲಾಗಿನ್ ಇಲ್ಲದೆಯೇ ಯಾರ ಲೇಖನವನ್ನಾದರೂ ತಿದ್ದಬಹುದಾದ ದೋಷವಿರುವುದನ್ನು ಸುಕುರಿ ಎಂಬ ಭದ್ರತಾ ಸಂಸ್ಥೆ ತಿಳಿಸಿತು. ಜನವರಿ 26ರಂದು 4.7.2 ಬಂತು, ಅದರ ಟಿಪ್ಪಣಿಯಲ್ಲಿ ಈ ದೋಷದ ಸುಳಿವೇ ಇರಲಿಲ್ಲ. ಫೆಬ್ರವರಿ 1ರವರೆಗೆ ಬಾಯಿಮುಚ್ಚಿಕೊಂಡಿದ್ದು, ಸ್ವಯಂಚಾಲಿತ ಅಪ್‌ಡೇಟ್ ಲೋಕಕ್ಕೆಲ್ಲ ಹರಡಿದ ಮೇಲೆ ನಿಜ ಹೇಳಿದರು. ಮುಕ್ತ ತಂತ್ರಾಂಶದ ನೀತಿಗೆ ಇದು ಸರಿಹೊಂದುತ್ತದೆಯೇ? ನನಗೆ ಸರಿಯೆಂದೇ ತೋರುತ್ತದೆ, ಏಕೆಂದರೆ ಬಚ್ಚಿಟ್ಟ ದಿನಗಳಲ್ಲಿ ಪ್ಯಾಚ್ ಜನರ ಕೈಸೇರುತ್ತಿತ್ತು. ಬಯಲಾದ ಬಳಿಕ ಏನಾಯಿತೆಂದು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ: ಸ್ವಯಂಚಾಲಿತ ಅಪ್‌ಡೇಟ್ ತಲುಪದೆ ಉಳಿದಿದ್ದ ತಾಣಗಳಲ್ಲಿ ಕೆಲವೇ ದಿನಗಳೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳ ಮೇಲೆ ಪುಂಡರು ತಮ್ಮ ಹೆಸರು ಗೀಚಿದ್ದರು.

ಎಲ್ಲವೂ ಸುಸೂತ್ರವಾಗಿತ್ತು ಎಂದಲ್ಲ. 2018ರ ಫೆಬ್ರವರಿಯಲ್ಲಿ ಬಂದ 4.9.3 ಆವೃತ್ತಿ ಸ್ವಯಂಚಾಲಿತ ಅಪ್‌ಡೇಟನ್ನೇ ಕೆಡಿಸಿತು. ಮರುದಿನ 4.9.4 ಬಂತಾದರೂ ಅದನ್ನು ಜನ ಕೈಯಾರೆ ಹಾಕಿಕೊಳ್ಳಬೇಕಾಯಿತು. ತಾನಾಗಿ ಸರಿಹೋಗುವ ಯಂತ್ರ ತನ್ನನ್ನು ಸರಿಪಡಿಸಿಕೊಳ್ಳಲಾಗದೆ ನಿಂತಿತ್ತು.

ಅಪ್‌ಡೇಟ್‌ಗೆ ಹೆದರುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಅದರಲ್ಲೂ ಕನ್ನಡದ ಹಳೆಯ ತಾಣಗಳ ಹೆದರಿಕೆಗೆ ಗಟ್ಟಿ ಕಾರಣವಿದೆ. ಮೈಎಸ್‌ಕ್ಯುಎಲ್ ಡೇಟಾಬೇಸ್ 2018ರ 8.0 ಆವೃತ್ತಿಯವರೆಗೆ, ಬೇರೆ ಹೇಳದಿದ್ದರೆ, ಅಕ್ಷರಗಳನ್ನೆಲ್ಲ ಲ್ಯಾಟಿನ್-1 ಎಂದೇ ಭಾವಿಸುತ್ತಿತ್ತು. ಯುಟಿಎಫ್-8ರಲ್ಲಿ ಕನ್ನಡದ ಒಂದು 'ಕ'ಗೆ ಮೂರು ಬೈಟ್ ಬೇಕು. ಲ್ಯಾಟಿನ್-1 ಎಂಬ ಚೀಟಿ ಅಂಟಿಸಿದ ಕೋಷ್ಟಕದಲ್ಲಿ ಆ ಮೂರು ಬೈಟುಗಳು ತೆಪ್ಪಗೆ ಕೂತಿರುತ್ತಿದ್ದವು. ಹಾಕುವವನೂ ತೆಗೆಯುವವನೂ ಒಂದೇ ತಪ್ಪು ಮಾಡುತ್ತಿದ್ದುದರಿಂದ ಪರದೆಯ ಮೇಲೆ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ಸರ್ವರ್ ಬದಲಿಸಿದಾಗಲೋ ದೊಡ್ಡ ಅಪ್‌ಡೇಟ್‌ನಲ್ಲೋ ಒಂದು ಕಡೆಯ ತಪ್ಪು ಸರಿಹೋಗುತ್ತದೆ. ಆಗ ಪ್ರತಿ 'ಕ'ವೂ ಮೂರು ವಿಚಿತ್ರ ಗುರುತುಗಳಾಗಿ ಒಡೆದು, ಕತೆ ಕವಿತೆ ಸಂದರ್ಶನಗಳೆಲ್ಲ ಒಂದೇ ಬಗೆಯ ಗೋಜಲಾಗುತ್ತವೆ. ಇಷ್ಟಾದರೆ ತಿಳಿದವರು ಮತ್ತೆ ಸರಿಮಾಡಿಯಾರು. ಅವಸರದಲ್ಲಿ ತಪ್ಪು ಪರಿವರ್ತನೆ ನಡೆದು ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಟ್ಟರೆ ಮೂಲ ಬೈಟುಗಳೇ ಹೋದವು. ಇಂಗ್ಲಿಷ್ ತಾಣದವರಿಗೆ ಈ ಭಯ ಗೊತ್ತಿಲ್ಲ, ಅವರ ಅಕ್ಷರಗಳು ಎರಡೂ ಪದ್ಧತಿಯಲ್ಲಿ ಒಂದೇ. ಇಂಥ ಅನುಭವವಾದವರು "ನಡೀತಿದೆಯಲ್ಲ, ಮುಟ್ಟಬೇಡಿ" ಎಂದರೆ ನಾನು ಅವರನ್ನು ಗದರುವುದಿಲ್ಲ. ಮೊದಲು ಬ್ಯಾಕಪ್, ಆಮೇಲೆ ಅದರ ಪ್ರತಿಯ ಮೇಲೆ ಪ್ರಯೋಗ, ಕೊನೆಗೆ ನಿಜವಾದ ತಾಣ ಎಂಬ ಕ್ರಮವನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮುಟ್ಟದೆ ಬಿಟ್ಟರೆ ಕಂತು ಮುಂದಕ್ಕೆ ಹೋಗುತ್ತದೆ, ಸಾಲ ತೀರುವುದಿಲ್ಲ. ಎರಡು ಆವೃತ್ತಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಒಡೆಯುವ ಸಾಧ್ಯತೆಯೂ ಹೆಚ್ಚು.

ಅಪ್‌ಡೇಟೇ ವಿಷವಾದ ಉದಾಹರಣೆಯೂ ಇದೆ. ಡಿಸ್‌ಪ್ಲೇ ವಿಜೆಟ್ಸ್ ಎಂಬ ವರ್ಡ್‌ಪ್ರೆಸ್ ಪ್ಲಗಿನ್ ಸುಮಾರು ಎರಡು ಲಕ್ಷ ತಾಣಗಳಲ್ಲಿತ್ತು. 2017ರಲ್ಲಿ ಅದನ್ನು ಕೊಂಡುಕೊಂಡವರು ಅಪ್‌ಡೇಟ್ ಮೂಲಕವೇ ಸ್ಪ್ಯಾಮ್ ಪುಟ ತೂರಿಸುವ ಕೋಡ್ ಕಳಿಸಿದರು. 2024ರ ಅಕ್ಟೋಬರ್‌ನಲ್ಲಿ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯೊಂದಿಗಿನ ಜಗಳದ ನಡುವೆ, ಪ್ಲಗಿನ್ ಹಂಚುವ ತಾಣವಾದ ವರ್ಡ್‌ಪ್ರೆಸ್ ಡಾಟ್ ಆರ್ಗ್ ಆ ಕಂಪನಿಯ ಜನಪ್ರಿಯ ಪ್ಲಗಿನ್‌ನ ಜಾಗವನ್ನೇ ಹೊಸ ಹೆಸರಿನಡಿ ತೆಗೆದುಕೊಂಡಿತು; ಅದನ್ನು ಡಿಸೆಂಬರ್‌ನಲ್ಲಿ ಕಂಪನಿಗೆ ಮರಳಿ ಕೊಡಿಸಿದ್ದು ನ್ಯಾಯಾಲಯ. ಪ್ಯಾಚ್ ಬರುವ ಕಾಲುವೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಹಗುರವಲ್ಲ. ಆದರೂ ಇದರಿಂದ ನಾನು ಕಲಿಯುವ ಪಾಠ ಅಪ್‌ಡೇಟ್ ನಿಲ್ಲಿಸಿ ಎಂಬುದಲ್ಲ, ಪ್ಲಗಿನ್ ಕಡಿಮೆ ಮಾಡಿ ಎಂಬುದು. ಮೂವತ್ತು ಪ್ಲಗಿನ್ ಹೊತ್ತ ತಾಣ ಮೂವತ್ತು ಅಪರಿಚಿತರ ನಿಯತ್ತನ್ನು ನಂಬಿ ನಿಂತಿದೆ.

ಇನ್ನು ಡ್ರುಪಲ್‌ನ ಪಾಲಿನ ತಪ್ಪು. 2014ರಿಂದ ಅದು ಕಲಿತದ್ದುಂಟು. 2018ರಲ್ಲಿ ಮತ್ತೊಂದು ಮಹಾದೋಷ ಸಿಕ್ಕಾಗ, ಮಾರ್ಚ್ 28ರಂದು ಇಂಥ ಹೊತ್ತಿಗೆ ಪ್ಯಾಚ್ ಬರಲಿದೆ, ಎದ್ದು ಕೂತಿರಿ ಎಂದು ಒಂದು ವಾರ ಮೊದಲೇ ಸಾರಿತು. ಬೆಂಬಲ ಮುಗಿದ ಆವೃತ್ತಿಗಳಿಗೂ ಪ್ಯಾಚ್ ಕೊಟ್ಟಿತು. ಹೀಗಿದ್ದೂ ಎರಡು ತಿಂಗಳ ನಂತರ ಸಂಶೋಧಕರೊಬ್ಬರ ಎಣಿಕೆಯಲ್ಲಿ 1,15,000ಕ್ಕೂ ಹೆಚ್ಚು ತಾಣಗಳು ದುರಸ್ತಿಯಾಗದೆ ಉಳಿದಿದ್ದವು. ಸ್ಯಾನ್ ಡಿಯಾಗೊ ಮೃಗಾಲಯದ ತಾಣಕ್ಕೆ ಬಂದವರ ಕಂಪ್ಯೂಟರುಗಳು ಅವರಿಗೇ ತಿಳಿಯದಂತೆ ಯಾರಿಗೋ ಮೊನೆರೊ ನಾಣ್ಯ ಟಂಕಿಸುತ್ತಿದ್ದವು. ಜನ ಕಿವುಡರಾಗಿರಲಿಲ್ಲ. 2015ರ ಡ್ರುಪಲ್ 8 ಹಳೆಯದರ ಮುಂದುವರಿಕೆಯಾಗಿರದೆ ಹೆಚ್ಚುಕಡಿಮೆ ಹೊಸ ತಂತ್ರಾಂಶವೇ ಆಗಿತ್ತು. 7ರಿಂದ 8ಕ್ಕೆ ಹೋಗುವುದೆಂದರೆ ತಾಣವನ್ನು ಮತ್ತೆ ಕಟ್ಟುವುದು, ಮತ್ತೆ ಹಣ ಹುಡುಕುವುದು. 2011ರ ಜನವರಿ 5ರಂದು ಹುಟ್ಟಿದ ಡ್ರುಪಲ್ 7ರ ನಿವೃತ್ತಿಯನ್ನು ಮತ್ತೆ ಮತ್ತೆ ಮುಂದೂಡಿ, ಕೊನೆಗೆ ಸರಿಯಾಗಿ 14 ವರ್ಷಕ್ಕೆ, 2025ರ ಜನವರಿ 5ರಂದು, ಬೀಳ್ಕೊಟ್ಟರು. ಬಳಕೆದಾರ ಹಿಂದೆ ಉಳಿದದ್ದಕ್ಕೆ ತಯಾರಕರ ಪಾಲೂ ಇದೆ ಎಂಬುದಕ್ಕೆ ಆ ಮುಂದೂಡಿಕೆಗಳೇ ಒಪ್ಪಿಗೆ ಪತ್ರ. 8ರಿಂದ 9ಕ್ಕೆ ಹೋಗುವ ದಾರಿಯನ್ನು ಅವರು ಸುಲಭವಾಗಿಸಿದ್ದು ಮೆಚ್ಚತಕ್ಕದ್ದೇ, ಆದರೆ ಅಷ್ಟರಲ್ಲಿ ಸಣ್ಣ ಸಂಸ್ಥೆಗಳು ಜಾಗ ಖಾಲಿ ಮಾಡಿದ್ದವು.

ನಮ್ಮ ದೇಶದಲ್ಲಿ ಈ ಚರ್ಚೆ ಹೆಚ್ಚಾಗಿ ಕಣ್ಣಿಗೆ ಕಾಣುವುದರ ಸುತ್ತಲೇ ಸುತ್ತುತ್ತದೆ. 2018ರ ಏಪ್ರಿಲ್ 6ರಂದು ರಕ್ಷಣಾ ಸಚಿವಾಲಯದ ತಾಣದಲ್ಲಿ ಚೀನೀ ಲಿಪಿಯ ಅಕ್ಷರವೊಂದು ಕಾಣಿಸಿಕೊಂಡು, ಚೀನಾದವರು ಹ್ಯಾಕ್ ಮಾಡಿದರು ಎಂದು ಟಿವಿಗಳು ಅರಚಿದವು. ಅದು ಡ್ರುಪಲ್‌ನ ಝೆನ್ ಥೀಮ್ ಜೊತೆಗೇ ಬರುವ ಲೋಗೊ. ಯಂತ್ರಾಂಶ ಕೈಕೊಟ್ಟಿತ್ತು, ಹ್ಯಾಕ್ ಅಲ್ಲ ಎಂದು ಅಧಿಕಾರಿಗಳು ಸ್ಪಷ್ಟಪಡಿಸಿದರು. ನಿಜವಾಗಿ ಒಳಹೊಕ್ಕವರು ಬೋರ್ಡು ನೇತುಹಾಕುವುದಿಲ್ಲ. ಗೂಗಲ್‌ನಿಂದ ಬಂದವರಿಗೆ ಮಾತ್ರ ನಕಲಿ ಔಷಧಿಯ ಅಥವಾ ಜಪಾನಿ ಭಾಷೆಯ ಅಂಗಡಿಯ ಪುಟ ತೋರಿಸಿ, ನೇರವಾಗಿ ವಿಳಾಸ ಟೈಪಿಸಿ ಬಂದ ಮಾಲೀಕನಿಗೆ ಎಂದಿನ ಮುಖಪುಟವನ್ನೇ ತೋರಿಸುತ್ತಾರೆ. ನಿಮ್ಮ ತಾಣದ ವಿಳಾಸವನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿ ನೋಡುವವರೆಗೂ ಗೊತ್ತಾಗುವುದಿಲ್ಲ.

ಸರ್ಕಾರಿ ತಾಣಗಳಿಗೆ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಮಾನ್ಯತೆಯಿರುವ ಲೆಕ್ಕಪರಿಶೋಧಕರಿಂದ ಭದ್ರತಾ ಪ್ರಮಾಣಪತ್ರ ಬೇಕು. ಒಳ್ಳೆಯ ನಿಯಮವೇ. ಆದರೆ ಪ್ರಮಾಣಪತ್ರ ಹೇಳುವುದು ಆ ದಿನದ ಕೋಡ್ ಬಗ್ಗೆ; ಮುಂದಿನ ಬುಧವಾರದ ಪ್ಯಾಚ್ ಬಗ್ಗೆ ಅದು ಏನೂ ಹೇಳಲಾರದು. ಜಿಲ್ಲಾ ತಾಣಗಳನ್ನೆಲ್ಲ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಒಂದೇ ಚೌಕಟ್ಟಿನಡಿ ತಂದು ನಿರ್ವಹಣೆಯನ್ನು ಕೇಂದ್ರೀಕರಿಸಿದ್ದು ನನಗೆ ಹೆಚ್ಚು ಜಾಣತನದ ಹೆಜ್ಜೆಯಾಗಿ ಕಾಣುತ್ತದೆ. ಖಾಸಗಿ ಕಾಲೇಜು, ಸಂಘ, ಮಠ, ಪತ್ರಿಕೆಗಳಿಗೆ ಆ ಅನುಕೂಲವಿಲ್ಲ. ಅವರ ಕರಾರಿನಲ್ಲಿ ವಿನ್ಯಾಸಕ್ಕೆ ಇಷ್ಟು, ಡೊಮೈನ್‌ಗೆ ಇಷ್ಟು ಎಂದಿರುತ್ತದೆ. ಉದ್ಘಾಟನೆ ನಡೆಯುತ್ತದೆ, ಶಾಲು ಹೊದಿಸುತ್ತಾರೆ. ಮರುದಿನದಿಂದ ಯಾರು ನೋಡಿಕೊಳ್ಳಬೇಕು ಎಂಬ ಸಾಲು ಮಾತ್ರ ಇರುವುದಿಲ್ಲ.

ಹಾಗಿರುವವರು ಮೊದಲು ನೋಡಬೇಕಾದ್ದು ಆವೃತ್ತಿಯ ಸಂಖ್ಯೆಯನ್ನೂ ಅಲ್ಲ. ವರ್ಡ್‌ಪ್ರೆಸ್ ತಾನಾಗಿ ಅಪ್‌ಡೇಟ್ ಆದಾಗ, ಆಗಲು ಹೋಗಿ ಸೋತಾಗ, ಅಡ್ಮಿನ್ ಇಮೇಲ್‌ಗೆ ಪತ್ರ ಬರೆಯುತ್ತದೆ. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಆ ವಿಳಾಸವಿದೆ. ಅಲ್ಲಿರುವುದು ವರ್ಷಗಳ ಹಿಂದೆ ತಾಣ ಕಟ್ಟಿಕೊಟ್ಟು ಬೇರೆ ಕೆಲಸಕ್ಕೆ ಹೋದ ಹುಡುಗನ ಇಮೇಲ್ ಆಗಿದ್ದರೆ, ಇವತ್ತೇ ಬದಲಿಸಿ.