ಮರೆವಿನ ಕಥನ ಮತ್ತು ನೋಡುಗನ ಹೊಣೆ: ‘ಮೆಮೆಂಟೊ’ ಚಿತ್ರದ ಪ್ರೇಕ್ಷಕ ಪ್ರತಿಕ್ರಿಯೆಗಳ ವಿವೇಚನೆ

ಚಲನಚಿತ್ರ ವಿಮರ್ಶೆಯಲ್ಲಿ ಪ್ರೇಕ್ಷಕನ ಪ್ರತಿಕ್ರಿಯೆಯನ್ನು ಬಹುಮಟ್ಟಿಗೆ ಕೃತಿಯ ಹೊರಗಿನ ಸಂಗತಿಯೆಂದೇ ಪರಿಗಣಿಸಲಾಗುತ್ತದೆ. ಚಿತ್ರ ಎಷ್ಟು ದಿನ ಓಡಿತು, ಎಷ್ಟು ಗಳಿಸಿತು, ಪತ್ರಿಕೆಗಳು ಏನು ಬರೆದವು ಎಂಬ ವಿವರಗಳಲ್ಲಿ ಆ ಚರ್ಚೆ ಮುಗಿಯುತ್ತದೆ. ಆದರೆ ಕೆಲವು ಕೃತಿಗಳು ನೋಡುಗನ ಪ್ರತಿಕ್ರಿಯೆಯನ್ನೇ ತಮ್ಮ ಬಂಧದ ಅಂಗವಾಗಿಸಿಕೊಳ್ಳುತ್ತವೆ. ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ ‘ಮೆಮೆಂಟೊ’ ಅಂಥದೊಂದು ಕೃತಿ. ೨೦೦೦ದ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾದ ಈ ಚಿತ್ರವನ್ನು ಅಮೆರಿಕದಲ್ಲಿ ಹಂಚಲು ದೊಡ್ಡ ಸಂಸ್ಥೆಗಳು ಮುಂದಾಗಲಿಲ್ಲ. ಹಣ ಹೂಡಿದ್ದ ನ್ಯೂಮಾರ್ಕೆಟ್ ಸಂಸ್ಥೆಯೇ ಆ ಹೊಣೆಯನ್ನೂ ಹೊತ್ತು ೨೦೦೧ರಲ್ಲಿ ಅದನ್ನು ಬಿಡುಗಡೆ ಮಾಡಿತು. ಸುಮಾರು ೯೦ ಲಕ್ಷ ಡಾಲರ್ ವೆಚ್ಚದ ಚಿತ್ರ ಅಮೆರಿಕದಲ್ಲಿಯೇ ಸುಮಾರು ೨.೫ ಕೋಟಿ ಡಾಲರ್ ಗಳಿಸಿತು. ಒಂದೇ ನೋಟಕ್ಕೆ ದಕ್ಕದ ಚಿತ್ರವನ್ನು ಪ್ರೇಕ್ಷಕರು ಸ್ವೀಕರಿಸಿದ್ದು ಹೇಗೆ ಎಂಬುದಕ್ಕಿಂತ, ಅವರು ಅದನ್ನು ಏನೆಂದು ಸ್ವೀಕರಿಸಿದರು ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ.

ಚಿತ್ರದ ನಾಯಕ ಲೆನರ್ಡ್ ಶೆಲ್ಬಿ. ಮನೆಗೆ ನುಗ್ಗಿದವರ ಹಲ್ಲೆಯಲ್ಲಿ ಹೆಂಡತಿ ಸತ್ತಳೆಂಬುದು ಅವನ ನಂಬಿಕೆ. ಅದೇ ಹಲ್ಲೆಯಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲುವುದಿಲ್ಲ. ಪೋಲರಾಯ್ಡ್ ಛಾಯಾಚಿತ್ರಗಳು, ಚೀಟಿಗಳು, ಮೈಮೇಲಿನ ಹಚ್ಚೆ ಇವುಗಳನ್ನೇ ನೆನಪಿನ ಬದಲಿಗೆ ಇಟ್ಟುಕೊಂಡು ಅವನು ಹಂತಕನನ್ನು ಹುಡುಕುತ್ತಾನೆ. ಕಥೆ ಎರಡು ಧಾರೆಗಳಲ್ಲಿ ಸಾಗುತ್ತದೆ. ವರ್ಣದ ದೃಶ್ಯಗಳು ಕೊನೆಯಿಂದ ಮೊದಲಿಗೆ ಹಿಮ್ಮುಖವಾಗಿ ಚಲಿಸಿದರೆ, ಕಪ್ಪು-ಬಿಳುಪಿನ ದೃಶ್ಯಗಳು ಮುಮ್ಮುಖವಾಗಿ ಚಲಿಸುತ್ತವೆ. ಚಿತ್ರದ ಅಂತ್ಯದ ಹೊತ್ತಿಗೆ ಇವೆರಡೂ ಒಂದೆಡೆ ಕೂಡುತ್ತವೆ. ಪ್ರತಿ ವರ್ಣದೃಶ್ಯ ಆರಂಭವಾದಾಗಲೂ ಅದಕ್ಕೆ ಮೊದಲು ಏನಾಯಿತೆಂಬುದು ಲೆನರ್ಡ್‌ಗೂ ತಿಳಿಯದು, ನೋಡುಗನಿಗೂ ತಿಳಿಯದು.

ಈ ಸಮಸ್ಥಿತಿಯೇ ಚಿತ್ರದ ವೈಶಿಷ್ಟ್ಯ. ಮರೆವಿನ ಕಥನ ಭಾರತೀಯ ಪ್ರೇಕ್ಷಕರಿಗೆ ಹೊಸದಲ್ಲ. ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದಲ್ಲಿ ದುಷ್ಯಂತ ಶಕುಂತಲೆಯನ್ನು ಮರೆಯುತ್ತಾನೆ, ಆದರೆ ದೂರ್ವಾಸನ ಶಾಪವನ್ನು ಪ್ರೇಕ್ಷಕ ಮೊದಲೇ ಕೇಳಿರುತ್ತಾನೆ. ರಾಜಸಭೆಯ ದೃಶ್ಯದಲ್ಲಿ ಕರುಣ ಉಂಟಾಗುವುದು ರಾಜ ಮರೆತದ್ದು ಸಭೆಯ ಹೊರಗೆ ಕುಳಿತ ಸಹೃದಯನಿಗೆ ನೆನಪಿರುವುದರಿಂದ. ಬಾಲು ಮಹೇಂದ್ರ ನಿರ್ದೇಶನದ ತಮಿಳು ಚಿತ್ರ ‘ಮೂನ್ರಾಂ ಪಿರೈ’ (೧೯೮೨) ಕೂಡ ಇದೇ ನೆಲೆಯದು. ಅಲ್ಲಿ ನಾಯಕಿಗೆ ಹಳೆಯ ನೆನಪು ಮರಳಿದಾಗ, ತನ್ನನ್ನು ಸಲಹಿದವನು ಅವಳಿಗೆ ಅಪರಿಚಿತನಾಗುತ್ತಾನೆ. ಅವಳು ಕಳೆದುಕೊಂಡ ನೆನಪನ್ನು ನೋಡುಗ ಹೊತ್ತಿರುವುದೇ ಆ ಅಂತ್ಯದ ದುಃಖಕ್ಕೆ ಕಾರಣ. ‘ಮೆಮೆಂಟೊ’ ನೋಡುಗನ ಈ ಸೌಲಭ್ಯವನ್ನು ಕಿತ್ತುಕೊಳ್ಳುತ್ತದೆ. ಪಾತ್ರಕ್ಕಿಂತ ಹೆಚ್ಚು ತಿಳಿಯದವನು ಪಾತ್ರದ ಬಗ್ಗೆ ಮರುಗಲಾರ; ಅವನೂ ಪಾತ್ರದಂತೆ ಕುರುಹುಗಳನ್ನು ಹುಡುಕತೊಡಗುತ್ತಾನೆ. ಚಿತ್ರಕ್ಕೆ ಬಂದ ಪ್ರತಿಕ್ರಿಯೆಗಳಲ್ಲಿ ಕಣ್ಣೀರಿಗಿಂತ ವಾದವೇ ಹೆಚ್ಚಾಗಿರುವುದಕ್ಕೆ ಇದು ಮೂಲ ಕಾರಣ.

ಆ ವಾದಗಳಲ್ಲಿ ಮೊದಲನೆಯದು ರೋಗಲಕ್ಷಣದ ನಿಜತ್ವವನ್ನು ಕುರಿತದ್ದು. ಹೆಂಡತಿಯ ಸಾವೇ ಕೊನೆಯ ನೆನಪಾಗಿದ್ದರೆ, ತನಗೆ ಮರೆವಿನ ರೋಗವಿದೆ ಎಂಬುದಾದರೂ ಲೆನರ್ಡ್‌ಗೆ ಹೇಗೆ ನೆನಪಿರುತ್ತದೆ ಎಂದು ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಕೇಳಿದ. ಅಭ್ಯಾಸದಿಂದ ಕಲಿತೆ ಎಂಬುದು ಚಿತ್ರದೊಳಗೆ ಲೆನರ್ಡ್ ಕೊಡುವ ಉತ್ತರ. ಇದು ನಿರಾಧಾರವಾದುದಲ್ಲ. ೧೯೫೩ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ತರುವಾಯ ಹೊಸ ನೆನಪುಗಳನ್ನು ಉಳಿಸಿಕೊಳ್ಳುವ ಶಕ್ತಿ ಕಳೆದುಕೊಂಡ ಹೆನ್ರಿ ಮೊಲೈಸನ್ ಕನ್ನಡಿಯಲ್ಲಿ ನೋಡಿಕೊಂಡು ಗೆರೆ ಎಳೆಯುವ ಕೌಶಲವನ್ನು ದಿನದಿಂದ ದಿನಕ್ಕೆ ಕಲಿತ. ಆದರೆ ಕಲಿತದ್ದು ಅವನಿಗೆ ನೆನಪಿರಲಿಲ್ಲ ಎಂಬುದನ್ನು ಬ್ರೆಂಡಾ ಮಿಲ್ನರ್ ತೋರಿಸಿಕೊಟ್ಟರು. ಸಿನಿಮಾಗಳಲ್ಲಿನ ಮರೆವಿನ ಚಿತ್ರಣವನ್ನು ಪರಿಶೀಲಿಸಿ ನರಮನೋವಿಜ್ಞಾನಿ ಸ್ಯಾಲಿ ಬ್ಯಾಕ್ಸೆಂಡೇಲ್ ೨೦೦೪ರಲ್ಲಿ ಬರೆದ ಲೇಖನ, ಬಹುತೇಕ ಚಿತ್ರಗಳು ರೋಗವನ್ನು ತಪ್ಪಾಗಿ ತೋರಿಸುತ್ತವೆಂದು ಹೇಳಿ, ‘ಮೆಮೆಂಟೊ’ವನ್ನು ಕೆಲವೇ ಅಪವಾದಗಳಲ್ಲಿ ಒಂದೆಂದು ಗುರುತಿಸಿತು.

ಎರಡನೆಯ ಬಗೆಯ ಪ್ರತಿಕ್ರಿಯೆ ಇದಕ್ಕಿಂತ ವ್ಯಾಪಕವಾದುದು. ಅದು ದೃಶ್ಯಗಳನ್ನು ಕಾಲಾನುಕ್ರಮದಲ್ಲಿ ಮರುಜೋಡಿಸುವ ಪ್ರಯತ್ನ. ನೋಡುಗರು ಪಟ್ಟಿ ಮಾಡಿದರು, ನಕ್ಷೆ ಬರೆದರು, ಟೆಡ್ಡಿ ಹೇಳುವುದು ನಿಜವೇ ಸುಳ್ಳೇ ಎಂದು ಚರ್ಚಿಸಿದರು. ೨೦೦೨ರ ಡಿವಿಡಿ ಆವೃತ್ತಿಯೊಂದರಲ್ಲಿ ಇಡೀ ಚಿತ್ರವನ್ನು ಕಾಲಕ್ರಮದಲ್ಲಿ ನೋಡುವ ಅವಕಾಶವನ್ನು ಗುಪ್ತವಾಗಿ ಅಡಕಗೊಳಿಸಲಾಯಿತು. ಇದರ ಬೆನ್ನಿಗೇ ಒಂದು ಆಕ್ಷೇಪವೂ ಇದೆ. ಹಿಮ್ಮುಖ ಜೋಡಣೆಯನ್ನು ತೆಗೆದುಬಿಟ್ಟರೆ ಉಳಿಯುವುದು ಸಾಮಾನ್ಯ ಸೇಡಿನ ಕಥೆ, ಆದ್ದರಿಂದ ಇದು ಬರಿಯ ತಂತ್ರಚಮತ್ಕಾರ ಎಂಬುದು ಆ ಆಕ್ಷೇಪ. ಎರಡನೆಯ ಸಲ ನೋಡಿದಾಗ ಕಥೆ ಹೆಚ್ಚು ತಿಳಿಯಿತೇ ಹೊರತು ಅನುಭವ ಶ್ರೀಮಂತವಾಗಲಿಲ್ಲ ಎಂಬ ಈಬರ್ಟ್‌ನ ಅಭಿಪ್ರಾಯವೂ ಇದರ ಸಮೀಪದ್ದು.

ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಜೋಡಣೆ ಬದಲಾದಾಗ ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಚಿತ್ರ ಆರಂಭವಾಗುವುದು ಲೆನರ್ಡ್ ಟೆಡ್ಡಿಯನ್ನು ಕೊಲ್ಲುವುದರಿಂದ. ಛಾಯಾಚಿತ್ರದ ಮೇಲೆ ಟೆಡ್ಡಿಯ ಮಾತನ್ನು ನಂಬಬಾರದೆಂಬ ಬರಹವಿದೆ. ಆದ್ದರಿಂದ ಹಂತಕ ಸಿಕ್ಕಿದನೆಂದು ನೋಡುಗ ಒಪ್ಪುತ್ತಾನೆ. ಚಿತ್ರ ಮುಗಿಯುವುದು ಆ ಬರಹ ಹುಟ್ಟಿದ ಗಳಿಗೆಯಲ್ಲಿ. ನಿಜವಾದ ಅಪರಾಧಿಯನ್ನು ಲೆನರ್ಡ್ ಎಂದೋ ಕೊಂದಾಗಿದೆ, ಹೆಂಡತಿ ಆ ಹಲ್ಲೆಯಲ್ಲಿ ಸಾಯಲಿಲ್ಲ ಎಂದು ಟೆಡ್ಡಿ ಹೇಳುತ್ತಾನೆ. ಲೆನರ್ಡ್ ಸಾಕ್ಷ್ಯದ ಛಾಯಾಚಿತ್ರಗಳನ್ನು ಸುಡುತ್ತಾನೆ. ಮುಂದೆ ತಾನು ಮರೆಯುತ್ತೇನೆಂದು ತಿಳಿದೇ ಟೆಡ್ಡಿಯ ಕಾರಿನ ಸಂಖ್ಯೆಯನ್ನು ಹಚ್ಚೆಗಾಗಿ ಬರೆದುಕೊಳ್ಳುತ್ತಾನೆ. ಕಾಲಕ್ರಮದಲ್ಲಿ ಜೋಡಿಸಿದರೆ ಈ ನಿರ್ಧಾರ ಕಥೆಯ ನಡುವೆ ಬಂದು ಹೋಗುವ ಒಂದು ಘಟನೆ. ಕೊಲೆ ಅದರ ಫಲ. ಚಿತ್ರದ ಕ್ರಮದಲ್ಲಾದರೋ ಕೊಲೆಯನ್ನು ನೋಡುಗ ಒಪ್ಪಿಯಾದ ಮೇಲೆ ಅದರ ಸುಳ್ಳು ಬಯಲಾಗುತ್ತದೆ. ಇಲ್ಲಿ ವಿಚಾರಣೆಗೆ ಒಳಗಾಗುವುದು ಲೆನರ್ಡ್ ಮಾತ್ರವಲ್ಲ, ಲಿಖಿತ ಸಾಕ್ಷ್ಯವನ್ನು ನೆಚ್ಚಿ ಸಮ್ಮತಿಯಿತ್ತ ನೋಡುಗನೂ ಹೌದು.

ನಟಾಲಿಯ ಪ್ರಸಂಗದಲ್ಲಿಯೂ ಇದೇ ವಿನ್ಯಾಸವಿದೆ. ಮುಖದ ಮೇಲೆ ಗಾಯಗಳೊಂದಿಗೆ ಬಂದ ಅವಳು ಬೇರೊಬ್ಬ ಹೊಡೆದನೆಂದು ಹೇಳಿದಾಗ ನೋಡುಗ ಮರುಗುತ್ತಾನೆ. ಮುಂದಿನ ವರ್ಣದೃಶ್ಯದಲ್ಲಿ, ಎಂದರೆ ಅದಕ್ಕೆ ಮೊದಲು ನಡೆದುದರಲ್ಲಿ, ಅವಳು ಮನೆಯಲ್ಲಿದ್ದ ಪೆನ್ನುಗಳನ್ನೆಲ್ಲ ತೆಗೆದಿರಿಸಿಕೊಂಡು, ಲೆನರ್ಡ್‌ನನ್ನು ಕೆಣಕಿ ಅವನಿಂದಲೇ ಏಟು ತಿನ್ನುತ್ತಾಳೆ. ಅವನು ಮರೆಯುವವರೆಗೆ ಹೊರಗೆ ಕಾರಿನಲ್ಲಿ ಕಾದು ಮರಳುತ್ತಾಳೆ. ನೋಡುಗನ ಅನುಕಂಪ ತಪ್ಪಾಗಿತ್ತೆಂಬುದು ತಿಳಿಯುವ ಹೊತ್ತಿಗೆ ಅದು ಕೊಟ್ಟಾಗಿದೆ, ಹಿಂತೆಗೆದುಕೊಳ್ಳುವಂತಿಲ್ಲ. ದುಷ್ಯಂತನ ಉಂಗುರ ಸುಳ್ಳು ಹೇಳಲಾರದ ಕುರುಹು. ಲೆನರ್ಡ್‌ನ ಛಾಯಾಚಿತ್ರ ಸುಳ್ಳು ಹೇಳದಿದ್ದರೂ ಅದರ ಕೆಳಗಿನ ಬರಹ ಹೇಳಬಲ್ಲದು.

ಈ ದೃಷ್ಟಿಯಿಂದ ಎ. ಆರ್. ಮುರುಗದಾಸ್ ನಿರ್ದೇಶನದ ‘ಗಜನಿ’ಯನ್ನು (ತಮಿಳಿನಲ್ಲಿ ೨೦೦೫, ಹಿಂದಿಯಲ್ಲಿ ೨೦೦೮) ನೋಡಬಹುದು. ಛಾಯಾಚಿತ್ರ, ಹಚ್ಚೆ, ಅಲ್ಪಾವಧಿಯ ನೆನಪು ಎಲ್ಲವೂ ಇಲ್ಲಿವೆ. ಆದರೆ ನಾಯಕನ ಪೂರ್ವಕಥೆ ದಿನಚರಿಯ ಮೂಲಕ ನೋಡುಗನಿಗೆ ಅಖಂಡವಾಗಿ ದೊರೆಯುತ್ತದೆ. ನಾಯಕ ಮರೆತ ಪ್ರೇಮವನ್ನು ನೋಡುಗ ನೆನಪಿಟ್ಟುಕೊಳ್ಳುತ್ತಾನೆ. ಖಳ ಯಾರೆಂಬುದರಲ್ಲಿ ಅವನಿಗೆ ಸಂದೇಹವಿರುವುದಿಲ್ಲ. ಹೀಗಾಗಿ ಪ್ರತಿಕ್ರಿಯೆ ಸಂಶಯದಿಂದ ಕರುಣದೆಡೆಗೆ, ಕರುಣದಿಂದ ಸೇಡಿನ ಸಮರ್ಥನೆಯೆಡೆಗೆ ಸರಿಯುತ್ತದೆ. ಇದನ್ನು ಅನುಕರಣೆಯ ದೌರ್ಬಲ್ಯವೆಂದು ಮಾತ್ರ ಕಾಣುವುದು ಸರಿಯಲ್ಲ. ‘ಗಜನಿ’ ಶಾಕುಂತಲದ ಹಳೆಯ ಒಪ್ಪಂದಕ್ಕೆ ಮರಳಿದೆ: ಪಾತ್ರ ಮರೆಯಲಿ, ಪ್ರೇಕ್ಷಕ ನೆನೆಯಲಿ. ಆದರೆ ಆ ಮರಳುವಿಕೆಯಲ್ಲಿ ಸೇಡು ಪ್ರಶ್ನಾತೀತವಾಗುತ್ತದೆ ಎಂಬುದೂ ಅಷ್ಟೇ ನಿಜ.

ಹಾಗಾದರೆ ಮರುಜೋಡಣೆಯಲ್ಲಿ ತೊಡಗಿದ ನೋಡುಗರು ಚಿತ್ರವನ್ನು ತಪ್ಪಾಗಿ ಗ್ರಹಿಸಿದರೆಂದು ಹೇಳಬೇಕೇ? ಹಾಗೆನ್ನಲಾಗದು. ಚಿತ್ರವೇ ಅವರನ್ನು ಆ ಕೆಲಸಕ್ಕೆ ಹಚ್ಚುತ್ತದೆ. ಆದರೆ ಚೂರುಗಳನ್ನು ಸರಿಯಾಗಿ ಜೋಡಿಸಿದರೆ ಸತ್ಯ ದೊರೆಯುತ್ತದೆ ಎಂಬುದು ಲೆನರ್ಡ್‌ನ ನಂಬಿಕೆಯೂ ಆಗಿತ್ತು. ಪಟ್ಟಿ ಪೂರ್ಣಗೊಳಿಸಿ ಒಗಟು ಬಿಡಿಸಿತೆಂದು ತೃಪ್ತನಾದ ನೋಡುಗ, ತನ್ನ ಮೊದಲ ಸಮ್ಮತಿಯನ್ನು ಮರೆಯುವುದರಿಂದ ನಾಯಕನ ಸ್ಥಿತಿಗೇ ಇಳಿಯುತ್ತಾನೆ. ಎರಡನೆಯ ವೀಕ್ಷಣೆಯ ಸಾರ್ಥಕತೆ ಕಥೆಯ ಕ್ರಮವನ್ನು ತಿಳಿಯುವುದರಲ್ಲಿಲ್ಲ. ಮೊದಲ ಸಲ ಯಾರನ್ನು ನಂಬಿದೆ, ಯಾರ ಸಾವನ್ನು ನ್ಯಾಯವೆಂದುಕೊಂಡೆ ಎಂದು ನೆನಪಿಸಿಕೊಳ್ಳುವುದರಲ್ಲಿದೆ. ನಾಯಕನಿಗೆ ಅಸಾಧ್ಯವಾದ ಈ ಸ್ಮರಣೆ ನೋಡುಗನಿಗೆ ಸಾಧ್ಯವಿದೆ. ಆ ಸಾಧ್ಯತೆಯೇ ಅವನ ಹೊಣೆಯೂ ಆಗಿದೆ.