ಬೇಡವೆಂಬ ಮತದ ಬೆಲೆ: ಯೂಸ್‌ನೆಟ್ ಗುಂಪುಗಳ ಮತದಾನ

ವೆಬ್‌ಗೂ ಮುಂಚಿನ ಚರ್ಚಾಜಾಲವಾದ ಯೂಸ್‌ನೆಟ್‌ನಲ್ಲಿ ಹೊಸ ಚರ್ಚಾಗುಂಪು ತೆರೆಯಬೇಕೇ ಎಂಬುದನ್ನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಓದುಗರ ಮತದಿಂದ ತೀರ್ಮಾನಿಸಲಾಗುತ್ತಿತ್ತು. ಅಂತರಜಾಲದ ಚರಿತ್ರೆ ಬರೆಯುವವರಲ್ಲಿ ಈ ಪದ್ಧತಿಗೆ ದೊಡ್ಡ ಹೆಸರಿದೆ. ಸರ್ಕಾರದ ಅಪ್ಪಣೆಯಿಲ್ಲದೆ, ಕಂಪನಿಯ ಒಡೆತನವಿಲ್ಲದೆ ಜನ ತಮ್ಮ ಮಾತಿನ ಜಾಗಗಳನ್ನು ತಾವೇ ಆರಿಸಿಕೊಂಡರು ಎಂಬ ಹೆಸರು ಅದು. ಆ ಹೆಸರು ಪದ್ಧತಿಯ ಯೋಗ್ಯತೆಯನ್ನು ಮೀರಿದ್ದು. ಮತಕ್ಕೆ ಮುಂಚೆ ನಡೆಯುತ್ತಿದ್ದ ಚರ್ಚೆ ನಿಜಕ್ಕೂ ಒಳ್ಳೆಯ ಏರ್ಪಾಡಾಗಿತ್ತು, ಆದರೆ ಅದನ್ನು ಗಮನಿಸಿದವರು ಕಡಿಮೆ. ಎಲ್ಲರೂ ಹೊಗಳಿದ್ದು ಮತದಾನವನ್ನು. ಎಣಿಸಬಾರದ್ದನ್ನು ಎಣಿಸಿದ್ದೂ ಅದೇ.

1979ರ ಕೊನೆಯಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್, ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಸ್ಟೀವ್ ಬೆಲೊವಿನ್ ರೂಪಿಸಿದ ಯೂಸ್‌ನೆಟ್‌ಗೆ ಕೇಂದ್ರ ಕಚೇರಿ ಎಂಬುದಿರಲಿಲ್ಲ. ಒಂದು ಯಂತ್ರ ಇನ್ನೊಂದಕ್ಕೆ ದೂರವಾಣಿ ಕರೆ ಮಾಡಿ ಲೇಖನಗಳನ್ನು ದಾಟಿಸುತ್ತಿತ್ತು, ಕರೆಯ ಖರ್ಚನ್ನು ಆಯಾ ಸಂಸ್ಥೆ ಭರಿಸುತ್ತಿತ್ತು. ಹೆಚ್ಚು ಹೊರೆ ಹೊತ್ತ ಯಂತ್ರಗಳ ನಿರ್ವಾಹಕರ ಮಾತಿಗೆ ಸಹಜವಾಗಿಯೇ ಹೆಚ್ಚು ತೂಕ ಬಂತು. ‘ಬ್ಯಾಕ್‌ಬೋನ್ ಕೆಬಾಲ್’ ಎಂದು ಕರೆಸಿಕೊಂಡ ಈ ಕೂಟದ ಹಿರಿತನದಲ್ಲಿ 1986–87ರಲ್ಲಿ ಗುಂಪುಗಳಿಗೆಲ್ಲ ಹೊಸ ಹೆಸರಿಟ್ಟು ಕಾಂಪ್, ಮಿಸ್ಕ್, ನ್ಯೂಸ್, ರೆಕ್, ಸೈ, ಸಾಕ್, ಟಾಕ್ ಎಂಬ ಏಳು ಶಾಖೆಗಳಲ್ಲಿ ಜೋಡಿಸಲಾಯಿತು. 1995ರಲ್ಲಿ ಹ್ಯುಮ್ಯಾನಿಟೀಸ್ ಸೇರಿ ‘ಬಿಗ್ ಎಯ್ಟ್’ ಆಯಿತು. ಕೂಟದ ಮರ್ಜಿಗೆ ಒಳಪಡಲೊಪ್ಪದ ಬ್ರಯನ್ ರೀಡ್, ಜಾನ್ ಗಿಲ್ಮೋರ್ ಮೊದಲಾದವರು 1987ರಲ್ಲಿ ಆಲ್ಟ್ ಎಂಬ ಬೇರೆ ಶಾಖೆ ತೆರೆದರು. ಅಲ್ಲಿ ಮತವಿಲ್ಲ, ಮೇಲ್ವಿಚಾರಣೆಯಿಲ್ಲ. ಕೂಟ ಕರಗಿದ ಮೇಲೆ ಆ ಮುಖ್ಯ ಶಾಖೆಗಳಲ್ಲಿ ಉಳಿದ ಖಾಲಿ ಜಾಗವನ್ನು ತುಂಬಿದ್ದು ಮತದಾನ.

ಅದರ ಕ್ರಮ ಹೀಗಿತ್ತು. ಗುಂಪು ಬೇಕೆನ್ನುವವರು ಮೊದಲು ಚರ್ಚೆಗೆ ಕರೆ ಎಂಬ ಪ್ರಕಟಣೆ ಬರೆಯಬೇಕು. ಗುಂಪಿನ ಹೆಸರು, ಅದು ಏಕೆ ಬೇಕು, ಅಲ್ಲಿ ಯಾವ ಮಾತಿಗೆ ಜಾಗ, ಯಾವುದಕ್ಕೆ ಇಲ್ಲ, ಮಾಡರೇಟರ್ ಇದ್ದರೆ ಯಾರು ಎಂಬುದೆಲ್ಲ ಅದರಲ್ಲಿರಬೇಕು. ಪ್ರಕಟಣೆಗಳಿಗೆಂದೇ ಇದ್ದ ಗುಂಪಿನ ಮಾಡರೇಟರ್ ಅದನ್ನು ಹೊರಡಿಸುತ್ತಿದ್ದರು. 90ರ ದಶಕದ ಬಹುಭಾಗ ಆ ಹೊಣೆ ಡೇವಿಡ್ ಲಾರೆನ್ಸ್ ಅವರದು. ನ್ಯೂಸ್.ಗ್ರೂಪ್ಸ್ ಎಂಬ ಗುಂಪಿನಲ್ಲಿ ಮೂರು ವಾರದಿಂದ ಒಂದು ತಿಂಗಳವರೆಗೆ ಚರ್ಚೆ ನಡೆಯುತ್ತಿತ್ತು. ಬಳಿಕ ಮತಕ್ಕೆ ಕರೆ. 21ರಿಂದ 31 ದಿನಗಳೊಳಗೆ ಓದುಗರು ಇ-ಮೇಲ್ ಮೂಲಕ ಹೌದು ಅಥವಾ ಬೇಡ ಎಂದು ತಿಳಿಸಬೇಕು. ಮತ ಹಾಕಿದವರ ವಿಳಾಸ ಮತ್ತು ಅವರು ಹಾಕಿದ ಮತ, ಎರಡೂ ಫಲಿತಾಂಶದ ಜೊತೆ ಪ್ರಕಟವಾಗುತ್ತಿದ್ದವು. ಆಕ್ಷೇಪಣೆಗೆ ಐದು ದಿನ. ಗೆದ್ದರೆ ಗುಂಪು ತೆರೆಯಿರೆಂಬ ನಿಯಂತ್ರಣ ಸಂದೇಶ ಎಲ್ಲ ಸರ್ವರ್‌ಗಳಿಗೂ ಹೋಗುತ್ತಿತ್ತು, ಸೋತರೆ ಅದೇ ಪ್ರಸ್ತಾವ ಆರು ತಿಂಗಳು ಮತ್ತೆ ಬರುವಂತಿರಲಿಲ್ಲ.

ಗೆಲುವಿಗೆ ಎರಡು ಷರತ್ತು. ‘ಹೌದು’ ಮತಗಳು ‘ಬೇಡ’ ಮತಗಳಿಗಿಂತ ಕನಿಷ್ಠ 100 ಹೆಚ್ಚಿರಬೇಕು, ಮತ್ತು ಒಟ್ಟು ಸಿಂಧು ಮತಗಳಲ್ಲಿ ಮೂರನೇ ಎರಡು ಭಾಗ ‘ಹೌದು’ ಇರಬೇಕು. ಇಡೀ ಪದ್ಧತಿಯ ಗುಣವೂ ದೋಷವೂ ಈ ಒಂದು ನಿಯಮದಲ್ಲಿ ಅಡಗಿವೆ. ಹೊಗಳಿದವರಾಗಲಿ ತೆಗಳಿದವರಾಗಲಿ ಇದರ ಲೆಕ್ಕವನ್ನು ತಾಳ್ಮೆಯಿಂದ ಬಿಡಿಸಿ ನೋಡಿದ್ದು ವಿರಳ.

ಎದುರಾಳಿ ಒಬ್ಬರೂ ಇಲ್ಲದಿದ್ದರೆ 100 ಹೌದು ಸಾಕು, 99 ಸಾಲದು. ಅಪರೂಪದ ಒಂದು ಕಾಯಿಲೆಯ ಬಗ್ಗೆ ಮಾತಾಡಬಯಸುವ 99 ಜನ ಸೇರಿದರೂ, ಜಗತ್ತಿನಲ್ಲಿ ಯಾರೂ ಅದಕ್ಕೆ ಬೇಡವೆನ್ನದಿದ್ದರೂ, ಆ ಗುಂಪು ಹುಟ್ಟುವುದಿಲ್ಲ. ಇನ್ನು ವಿರೋಧ ಬಂದಾಗ 150 ಹೌದು, 50 ಬೇಡ ಇದ್ದರೆ ಪ್ರಸ್ತಾವ ಗೆಲ್ಲುತ್ತದೆ. 51ನೆಯ ಬೇಡ ಬಂದ ಕ್ಷಣ, ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಭಾಗ ಬೆಂಬಲವಿದ್ದೂ ಸೋಲುತ್ತದೆ. 200 ಹೌದು, 100 ಬೇಡ ಎಂಬಲ್ಲಿ ಎರಡು ಷರತ್ತುಗಳೂ ಕೂಡುತ್ತವೆ. ಅದಕ್ಕಿಂತ ಕೆಳಗೆ ನೂರರ ಅಂತರವೇ ಕಠಿಣ, ಅದಕ್ಕಿಂತ ಮೇಲೆ ಮೂರನೇ ಎರಡರ ಪಾಲೇ ಕಠಿಣ. ಪರಿಣಾಮ ಇದು: ಸಣ್ಣ ಸ್ಪರ್ಧೆಯಲ್ಲಿ ಒಂದು ಬೇಡವನ್ನು ತೊಡೆಯಲು ಒಂದು ಹೌದು ಬೇಕು, ದೊಡ್ಡ ಸ್ಪರ್ಧೆಯಲ್ಲಿ ಎರಡು. ಒಂದು ವಿಷಯದ ಬಗ್ಗೆ ಜನ ಎಷ್ಟು ಹೆಚ್ಚು ತಲೆಕೆಡಿಸಿಕೊಳ್ಳುತ್ತಾರೋ, ಅದನ್ನು ತಡೆಯಬಯಸುವವರ ಮತಕ್ಕೆ ಅಷ್ಟೇ ಹೆಚ್ಚು ಬೆಲೆ.

ಈ ಬೆಲೆಯನ್ನು ತೆರುತ್ತಿದ್ದವರು ಯಾರು, ಪಡೆಯುತ್ತಿದ್ದವರು ಯಾರು? ಹೌದು ಎಂದವರು ನಾಳೆ ಆ ಗುಂಪಿನಲ್ಲಿ ಬರೆಯುವವರು, ಓದುವವರು. ಬೇಡವೆಂದವರು ಅಲ್ಲಿಗೆ ಕಾಲಿಡುವ ಅಗತ್ಯವೇ ಇಲ್ಲದವರು. ಚಂದಾದಾರರಾಗದಿದ್ದರೆ ಆ ಗುಂಪು ಅವರ ಪರದೆಯ ಮೇಲೆ ಬರುತ್ತಲೇ ಇರಲಿಲ್ಲ. ಊರಿನ ವಾಚನಾಲಯಕ್ಕೆ ಇನ್ನೊಂದು ಮಾಸಪತ್ರಿಕೆ ತರಿಸಲು ಓದುಗರ ಸಹಿ ಸಂಗ್ರಹಿಸಿ, ಅದನ್ನು ಎಂದೂ ತೆರೆಯದವರ ಆಕ್ಷೇಪವನ್ನು ಆ ಸಹಿಗಳಿಂದ ಕಳೆದರೆ ಆಗುವ ಅನ್ಯಾಯವೇ ಇಲ್ಲಿಯೂ ಆಯಿತು.

ಇದಕ್ಕೆ ಪದ್ಧತಿಯ ಸಮರ್ಥಕರ ಬಳಿ ಸಿದ್ಧ ಉತ್ತರವಿತ್ತು: ಇದು ಚುನಾವಣೆಯಲ್ಲ, ಆಸಕ್ತಿಯ ಅಳತೆ ಮಾತ್ರ. ಯೂಸ್‌ನೆಟ್ ಪ್ರಜಾಪ್ರಭುತ್ವವಲ್ಲವೆಂದು ಚಿಪ್ ಸಾಲ್ಜನ್‌ಬರ್ಗ್ ಬರೆದ ಪರಿಚಯ ಲೇಖನವೇ ಹೊಸಬರಿಗೆ ಎಚ್ಚರಿಸುತ್ತಿತ್ತು. ಆದರೆ ಆಸಕ್ತಿಯನ್ನು ಅಳೆಯುವವರು ಆಸಕ್ತರನ್ನು ಎಣಿಸುತ್ತಾರೆ. ಅನಾಸಕ್ತರನ್ನು ಎಣಿಸಿ ಆ ಮೊತ್ತದಿಂದ ಕಳೆಯುವುದಿಲ್ಲ. ಕಳೆಯುವ ಕ್ರಮ ಬಂದ ಮೇಲೆ ಅದು ಅಳತೆಯಾಗಿ ಉಳಿಯುವುದಿಲ್ಲ, ತೀರ್ಪಾಗುತ್ತದೆ. ತೀರ್ಪೆಂದು ಒಪ್ಪಿಕೊಂಡಿದ್ದರೆ ಮತದಾರರು ಯಾರು, ಅವರಿಗೆ ಆ ಹಕ್ಕು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತಿತ್ತು. ಅಳತೆ ಎಂಬ ಮಾತು ಆ ಪ್ರಶ್ನೆಯನ್ನು ಹದಿನೈದು ವರ್ಷ ಮುಂದೂಡಿತು.

ಎರಡು ಪ್ರಕರಣಗಳು ಇದನ್ನು ತೋರಿಸುತ್ತವೆ. 1989ರಲ್ಲಿ ಅಕ್ವೇರಿಯಂ ಸಾಕುವವರಿಗೊಂದು ಗುಂಪು ಬೇಕೆಂಬ ಪ್ರಸ್ತಾವ ಬಂತು. ಹವ್ಯಾಸಗಳಿಗೆಂದು ರೆಕ್ ಶಾಖೆ ಇದ್ದಾಗ ಪ್ರಸ್ತಾವಕರು ವಿಜ್ಞಾನದ ಸೈ ಶಾಖೆಯಲ್ಲೇ ಅದು ಬೇಕೆಂದರು. ಸೈ ಶಾಖೆಯನ್ನು ಹೆಚ್ಚು ಸರ್ವರ್‌ಗಳು ಹೊರುತ್ತವೆ ಎಂಬುದು ಅವರ ವಾದ. ಹೆಸರಿನ ಶಿಸ್ತನ್ನು ಕಾಯುವುದೇ ‘ಬೇಡ’ ಮತದ ಕೆಲಸವೆಂದು ನಂಬಿದ್ದವರಿಗೆ ಇದು ಪರೀಕ್ಷೆ. ನ್ಯೂಸ್.ಗ್ರೂಪ್ಸ್‌ನಲ್ಲಿ ದೊಡ್ಡ ಜಗಳವೇ ನಡೆದರೂ ಪ್ರಸ್ತಾವ ಮತದಲ್ಲಿ ಗೆದ್ದಿತು. ಹಲವು ನಿರ್ವಾಹಕರು ಆ ಗುಂಪನ್ನು ತಮ್ಮ ಸರ್ವರ್‌ನಲ್ಲಿ ತೆರೆಯಲು ಒಪ್ಪಲಿಲ್ಲ. ರೆಕ್ ಶಾಖೆಯಲ್ಲೂ ಆಲ್ಟ್‌ನಲ್ಲೂ ಅದೇ ವಿಷಯಕ್ಕೆ ಬೇರೆ ಗುಂಪುಗಳಿದ್ದವು. ತಾಂತ್ರಿಕ ತಪ್ಪನ್ನು ತಡೆಯಬೇಕಾದಲ್ಲಿ ಮತ ತಡೆಯಲಿಲ್ಲ. ಕೊನೆಯ ಮಾತು ಯಂತ್ರದ ಮುಂದೆ ಕೂತ ನಿರ್ವಾಹಕರದೇ ಆಯಿತು.

ಇನ್ನೊಂದು 1996ರದ್ದು. ಬಿಳಿಯರ ಜನಾಂಗಶ್ರೇಷ್ಠತೆಯನ್ನು ಸಾರುವ ಸಂಗೀತಕ್ಕೆ ರೆಕ್.ಮ್ಯೂಸಿಕ್ ಅಡಿ ಗುಂಪು ಬೇಕೆಂದು ಕೇಳಲಾಯಿತು. 592 ಹೌದು, 33,033 ಬೇಡ. ಯೂಸ್‌ನೆಟ್ ಮತದಾನದ ವಿಜಯವೆಂದು ಇದನ್ನು ಮತ್ತೆ ಮತ್ತೆ ಎತ್ತಿ ಹಿಡಿಯಲಾಗಿದೆ. ಪ್ರಸ್ತಾವ ಹೇಯವಾಗಿತ್ತು, ಅದು ಬಿದ್ದದ್ದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಮತಪದ್ಧತಿಯ ಬಗ್ಗೆ ಇದು ಹೇಳುವುದೇನು? ಆಸಕ್ತಿಯ ಅಳತೆಯ ಪ್ರಕಾರ 592 ಓದುಗರು ಬೇಕಾದ್ದಕ್ಕಿಂತ ಹೆಚ್ಚು. ಬಿದ್ದದ್ದು ನೈತಿಕ ತಿರಸ್ಕಾರದಿಂದ. ಆ ಗುಂಪನ್ನು ಎಂದೂ ಓದದ ಸಾವಿರಾರು ಜನ ಆ ತಿರಸ್ಕಾರಕ್ಕೆ ಮತಪೆಟ್ಟಿಗೆಯನ್ನು ಬಳಸಿದರು. ಇದೇ ಸಲಕರಣೆ ನಾಳೆ ಯಾವುದೇ ಅಲ್ಪಸಂಖ್ಯಾತ ಧರ್ಮದ, ಭಾಷೆಯ, ಪ್ರಾಂತದ ಗುಂಪಿನ ಮೇಲೂ ತಿರುಗಬಹುದಿತ್ತು. ತಡೆಯುವ ಷರತ್ತು ನಿಯಮದಲ್ಲಿ ಇರಲಿಲ್ಲ. ಹೇಯವಾದದ್ದನ್ನು ಹೊರಗಿಡಬೇಕಿದ್ದರೆ ಹೇಯವಾದದ್ದು ಯಾವುದೆಂದು ನಿಯಮದಲ್ಲೇ ಬರೆದು, ಆ ತೀರ್ಮಾನಕ್ಕೆ ಹೆಸರು ಹಾಕುವ ಹೊಣೆಗಾರರು ಬೇಕಿತ್ತು.

ವಿಮರ್ಶಕರ ಜೊತೆಗಿನ ತಕರಾರು ಇಲ್ಲಿಂದಲೇ ಏಳುತ್ತದೆ. ಮೈಕೆಲ್ ಹೌಬೆನ್ ಮತ್ತು ರೋಂಡಾ ಹೌಬೆನ್ 1997ರ ‘ನೆಟಿಜನ್ಸ್’ ಪುಸ್ತಕದಲ್ಲಿ ಯೂಸ್‌ನೆಟ್ ಓದುಗರನ್ನು ಜಾಲದ ಪ್ರಜೆಗಳೆಂದು ಕಂಡರು, ಅವರ ಪಾಲ್ಗೊಳ್ಳುವಿಕೆಯಲ್ಲಿ ಪ್ರಜಾಪ್ರಭುತ್ವದ ಹೊಸ ರೂಪವನ್ನು ಕಂಡರು. ಯೂಸ್‌ನೆಟ್‌ನ ಮಾತುಕತೆಯ ಬಗ್ಗೆ ಈ ಪ್ರೀತಿ ಸಕಾರಣವಾದದ್ದು. ಆದರೆ ಮಾತಾಡುವ ಅವಕಾಶ ಬೇರೆ, ಇನ್ನೊಬ್ಬರ ಮಾತಿನ ಜಾಗವನ್ನು ನಿರಾಕರಿಸುವ ಅಧಿಕಾರ ಬೇರೆ; ಆ ಉತ್ಸಾಹದಲ್ಲಿ ಎರಡೂ ಒಂದಾಗಿಬಿಡುತ್ತವೆ. ಬ್ರಯನ್ ಫಾಫೆನ್‌ಬರ್ಗರ್ 1996ರ ಪ್ರಬಂಧದಲ್ಲಿ ನಿರ್ವಾಹಕರ ಮತ್ತು ಬಳಕೆದಾರರ ಜಗ್ಗಾಟವನ್ನು ಹೆಚ್ಚು ಎಚ್ಚರದಿಂದ ಓದಿದರು. ಅವರ ಗಮನ ಅಧಿಕಾರ ಯಾರ ಕೈಗೆ ಹೋಯಿತು ಎಂಬುದರ ಮೇಲಿತ್ತು. ನೂರರ ಅಂತರ ಎಂಬ ಸಣ್ಣ ಅಂಕೆ ಒಳಗಿನಿಂದ ಏನು ಮಾಡಿತು ಎಂಬುದು ಅಷ್ಟೇ ಮುಖ್ಯವಾದ ಕಥೆ.

ಖರ್ಚಿನ ವಾದವೂ ಇದೆ: ಹೊಸ ಗುಂಪು ಎಂದರೆ ಡಿಸ್ಕಿನ ಮೇಲೆ, ಸಂಪರ್ಕದ ಮೇಲೆ ಹೊರೆ, ಆದ್ದರಿಂದ ವಿರೋಧಕ್ಕೆ ಜಾಗ ಬೇಕಿತ್ತು ಎಂಬುದು. ಈ ವಾದ ನಿಲ್ಲುವುದಿಲ್ಲ. ಖರ್ಚು ಹೊತ್ತವರು ನಿರ್ವಾಹಕರು, ಮತದಾರರಲ್ಲ. 90ರ ದಶಕದಲ್ಲಿ ಯೂಸ್‌ನೆಟ್‌ನ ಹೊರೆಯನ್ನು ಹಿಗ್ಗಿಸಿದ್ದು ಚಿತ್ರ, ತಂತ್ರಾಂಶದ ಕಡತಗಳು ತುಂಬಿದ ಆಲ್ಟ್.ಬೈನರೀಸ್ ಗುಂಪುಗಳು. ಅವು ಒಂದು ಮತವನ್ನೂ ಎದುರಿಸಲಿಲ್ಲ. ಬರಿಯ ಅಕ್ಷರಗಳ ಒಂದು ಪುಟ್ಟ ಚರ್ಚಾಗುಂಪು ಮಾತ್ರ ನೂರು ಜನರ ಸಾಕ್ಷಿ ತರಬೇಕಿತ್ತು.

ಮತ ಎಣಿಸಿದವರ ಶ್ರಮಕ್ಕೆ ಮಾತ್ರ ಗೌರವ ಸಲ್ಲಬೇಕು. ಮೊದಮೊದಲು ಪ್ರಸ್ತಾವಕರೇ ಎಣಿಸುತ್ತಿದ್ದರು. 90ರ ದಶಕದಲ್ಲಿ ರಾನ್ ಡಿಪ್ಪೋಲ್ಡ್ ಕಟ್ಟಿದ ಸ್ವಯಂಸೇವಕ ಮತ ಎಣಿಕೆದಾರರ ಬಳಗ ಆ ಕೆಲಸವನ್ನು ತಟಸ್ಥರ ಕೈಗೆ ತಂದಿತು. ಒಬ್ಬರೇ ಹಲವು ವಿಳಾಸಗಳಿಂದ ಕಳಿಸಿದ ಮತ, ಗೆಳೆಯರ ಪರವಾಗಿ ಕಳಿಸಿದ ಮತ, ಹೌದು ಎಂದು ಮೊದಲೇ ತುಂಬಿ ಹಂಚಿದ ಮತಪತ್ರ ಇವನ್ನೆಲ್ಲ ಅವರು ಸಂಬಳವಿಲ್ಲದೆ ಹೆಕ್ಕಿ ತೆಗೆದರು. ವಿಳಾಸಗಳ ಬಹಿರಂಗ ಪಟ್ಟಿಯೂ ಮೋಸ ಹಿಡಿಯುವುದಕ್ಕೇ ಇದ್ದದ್ದು. ಆದರೆ ಆ ಪಟ್ಟಿಯ ಇನ್ನೊಂದು ಮುಖ ಕ್ರೂರವಾಗಿತ್ತು. ಹೇಳಿಕೊಳ್ಳಲಾಗದ ನೋವಿನ ಬಗ್ಗೆ ಗುಂಪು ಬೇಕೆನ್ನುವವರು ಮೊದಲು ತಮ್ಮ ಹೆಸರನ್ನು ಜಗತ್ತಿಗೆ ಸಾರಬೇಕಿತ್ತು. ಲೈಂಗಿಕ ದೌರ್ಜನ್ಯದಿಂದ ಚೇತರಿಸಿಕೊಳ್ಳುವವರ ಹೆಸರಾಂತ ಗುಂಪು ಮತದ ಹಂಗಿಲ್ಲದ ಆಲ್ಟ್ ಶಾಖೆಯಲ್ಲಿ ಬೆಳೆದದ್ದು ಕಾಕತಾಳೀಯವೆನಿಸುವುದಿಲ್ಲ.

ಭಾರತೀಯರ ಗುಂಪುಗಳು ಬಂದದ್ದೂ ಬಿಗ್ ಎಯ್ಟ್‌ನ ಒಳಗೇ. ಸಾಕ್.ಕಲ್ಚರ್.ಇಂಡಿಯನ್ ಅಡಿಯಲ್ಲಿ ಕರ್ನಾಟಕ, ತೆಲುಗು, ಮರಾಠಿ, ಗುಜರಾತಿ, ಕೇರಳ ಮೊದಲಾದ ಗುಂಪುಗಳು 90ರ ದಶಕದಲ್ಲಿ ನೆಲೆಗೊಂಡವು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಮೂಲಕ, ಅದೂ ಮೊದಲಿಗೆ ನಾಲ್ಕು ಮಹಾನಗರಗಳಲ್ಲಿ. ಅದಕ್ಕೆ ಮುಂಚೆ ಇ-ಮೇಲ್ ಇದ್ದದ್ದು ಅರ್ನೆಟ್ ಎಂಬ ಶೈಕ್ಷಣಿಕ ಜಾಲದ ಸೌಕರ್ಯವಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕೆಲವು ಕಡೆ. ಹೀಗಾಗಿ ಕರ್ನಾಟಕದ ಬಗ್ಗೆ ಎಲ್ಲಿ ಮಾತಾಡಬೇಕೆಂಬುದನ್ನು ನಿರ್ಧರಿಸುವ ಅವಕಾಶ ಬಹುಪಾಲು ಅಮೆರಿಕದ ವಿಶ್ವವಿದ್ಯಾಲಯ, ಕಂಪನಿಗಳಲ್ಲಿದ್ದ ಕನ್ನಡಿಗರಿಗೆ, ಮತ್ತು ನಿಯಮದ ಪ್ರಕಾರ ಕನ್ನಡದ ಗಂಧವೂ ಇಲ್ಲದ ಯಾರಿಗೇ ಆದರೂ ಇತ್ತು. ಧಾರವಾಡದ ಓದುಗನಿಗೆ ಇರಲಿಲ್ಲ. ಗುಂಪು ಹುಟ್ಟಿಸಿದವರ ಉತ್ಸಾಹಕ್ಕೆ ಇದರಿಂದ ಕುಂದಿಲ್ಲ. ಜನರ ತೀರ್ಮಾನ ಎಂಬ ದೊಡ್ಡ ಮಾತಿಗೆ ಮಾತ್ರ ಕುಂದಿದೆ.

ನಿಯಮದ ಅಂಕೆ ಒಂದೇ ಕಡೆ ನಿಂತಿತ್ತು, ಜನಸಂಖ್ಯೆ ನಿಲ್ಲಲಿಲ್ಲ. 90ರ ದಶಕದಲ್ಲಿ ಓದುಗರು ಲಕ್ಷಾಂತರವಾದಾಗ ಪ್ರಚಾರದ ಚಾತುರ್ಯವಿದ್ದವರಿಗೆ ನೂರು ಮತ ಸುಲಭವಾಯಿತು, ಗೆದ್ದ ಗುಂಪಿನಲ್ಲಿ ಆಮೇಲೆ ಬರೆಯುವವರಿಲ್ಲದೆ ಹೋದರೂ. 2000ದ ನಂತರ ಓದುಗರು ವೆಬ್‌ಗೆ ಸರಿದಾಗ ಅದೇ ನೂರು ದುರ್ಲಭವಾಯಿತು. ಕೊನೆಗೆ ಮತದಾನವನ್ನು ಕೈಬಿಟ್ಟು 2006ರ ಹೊತ್ತಿಗೆ ಬಿಗ್-8 ಮ್ಯಾನೇಜ್‌ಮೆಂಟ್ ಬೋರ್ಡ್ ಎಂಬ ಮಂಡಳಿಯನ್ನು ರಚಿಸಲಾಯಿತು.

ಅದೇ ಹೊತ್ತಿಗೆ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯದಲ್ಲೂ ಇಂಥದೇ ಬದಲಾವಣೆ ನಡೆಯಿತು. ಹೊಸ ಭಾಷೆಯ ವಿಕಿಪೀಡಿಯ ಬೇಕೇ ಎಂಬುದು ಅಲ್ಲಿಯವರೆಗೆ ಸದಸ್ಯರ ಮತಕ್ಕೆ ಬಿಟ್ಟ ವಿಷಯವಾಗಿತ್ತು. ಆ ಭಾಷೆಯ ಒಂದಕ್ಷರ ಬಾರದವರೂ ಬೇಡವೆನ್ನಬಹುದಿತ್ತು. 2006ರಲ್ಲಿ ಭಾಷಾ ಸಮಿತಿ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಎಷ್ಟು ಜನ ಬೇಕೆಂದರು ಎನ್ನುವ ಬದಲು ಇನ್‌ಕ್ಯುಬೇಟರ್ ಎಂಬ ಪ್ರಯೋಗ ತಾಣದಲ್ಲಿ ಎಷ್ಟು ಲೇಖನ ಬರೆದರು, ಎಷ್ಟು ಕಾಲ ಬಿಡದೆ ಬರೆದರು, ತಂತ್ರಾಂಶದ ಸೂಚನೆಗಳನ್ನು ಅನುವಾದಿಸಿದರೇ ಎಂದು ಕೇಳತೊಡಗಿದರು. ತುಳು ವಿಕಿಪೀಡಿಯ ಸುಮಾರು ಎಂಟು ವರ್ಷ ಇನ್‌ಕ್ಯುಬೇಟರ್‌ನಲ್ಲಿ ಕಳೆದು 2016ರ ಆಗಸ್ಟ್‌ನಲ್ಲಿ ಹೊರಬಂತು. ಎಂಟು ವರ್ಷ ದೀರ್ಘವೇ, ಸಮಿತಿಯ ನಿಧಾನವನ್ನು ಯಾರೂ ಮೆಚ್ಚಬೇಕಿಲ್ಲ. ಆದರೆ ಅಲ್ಲಿ ಬರೆದವರ ಕೆಲಸದಿಂದ ಬರೆಯದವರ ವಿರೋಧವನ್ನು ಯಾರೂ ಕಳೆಯಲಿಲ್ಲ.

ಯೂಸ್‌ನೆಟ್ ಪದ್ಧತಿಯಿಂದ ಉಳಿಸಿಕೊಳ್ಳಬೇಕಾದ್ದು ಅದರ ಮೊದಲ ಅರ್ಧ. ಗುಂಪು ಕೇಳುವವರು ಅದರ ಎಲ್ಲೆಯನ್ನು ಬರೆದು ಮುಂದಿಡಬೇಕು, ಯಾರು ಬೇಕಾದರೂ ಆ ಬರಹವನ್ನು ಪ್ರಶ್ನಿಸಬಹುದು, ಒಂದು ತಿಂಗಳ ಕಾಲ ಉತ್ತರಿಸಿ ತಿದ್ದಬೇಕು ಎಂಬ ಶಿಸ್ತು ಈಚಿನ ಸಾಮಾಜಿಕ ಮಾಧ್ಯಮಗಳಲ್ಲಿ ಎಲ್ಲಿಯೂ ಕಾಣದು. ಕೆಟ್ಟ ಹೆಸರು ಬದಲಾದದ್ದು, ಎರಡು ಪ್ರಸ್ತಾವ ಒಂದಾದದ್ದು, ಅನಗತ್ಯವೆಂದು ಹಿಂತೆಗೆದದ್ದು ಎಲ್ಲ ಆ ತಿಂಗಳಲ್ಲೇ. ಮತ ಎಣಿಕೆ ಅದಕ್ಕೆ ಕೂಡಿಸಿದ್ದು ಬಹಳ ಕಡಿಮೆ, ಕೆಡಿಸಿದ್ದು ಹೆಚ್ಚು. ಕೆಲಕಾಲ ಮಂಕಾಗಿದ್ದ ಬಿಗ್-8 ಮಂಡಳಿ 2020ರಲ್ಲಿ ಹೊಸ ಸದಸ್ಯರೊಂದಿಗೆ ಮತ್ತೆ ಕೆಲಸಕ್ಕೆ ತೊಡಗಿತು. ಅಲ್ಲಿ ಪ್ರಸ್ತಾವವೂ ಬಹಿರಂಗ ಚರ್ಚೆಯೂ ಇಂದಿಗೂ ಇವೆ. ಹೌದು-ಬೇಡಗಳ ಲೆಕ್ಕ ಇಲ್ಲ.